ಹೂವಿನಕ್ಕನ ಮುಖ

ಗುರುವಾರ ನನಗೆ ದೇವರ ಪಾತ್ರೆ ಬೆಳಗುವ ದಿನ. ಎರಡು ಕಂಬದ ದೀಪ, ಗಂಟೆ, ಪಂಚಪಾತ್ರೆ, ಆರತಿ ತಟ್ಟೆ ಎಲ್ಲವನ್ನೂ ಹಿತ್ತಲ ಕಲ್ಲಿನ ಮೇಲೆ ಹರಡಿಕೊಂಡು, ನೆನೆಸಿದ ಹುಣಸೆಹಣ್ಣು ಹಚ್ಚುತ್ತಾ ಕೂತಿದ್ದೆ. ದೊಡ್ಡ ದೀಪದ ಕತ್ತಿನಲ್ಲಿ, ಹೋದ ವಾರ ಕಣ್ಣಿಗೆ ಬೀಳದ ಒಂದು ಎಳೆ ಬಾಳೆನಾರು ಸಿಕ್ಕಿಕೊಂಡಿತ್ತು. ಒಣಗಿ, ಎಣ್ಣೆ ಕುಡಿದು ಕಪ್ಪಾಗಿತ್ತು. ಸೂಜಿಯಿಂದ ಬಿಡಿಸಿ ಮೂಗಿನ ಹತ್ತಿರ ಹಿಡಿದರೆ ಇನ್ನೂ ಮರುಗದ ವಾಸನೆ. ನಾವಿರುವ ಅರಸೀಕೆರೆಯ ಬೀದಿಗೆ ಬರುವ ಹೂವೆಲ್ಲ ಈಗ ದಾರದಲ್ಲಿ ಕಟ್ಟಿದ್ದು. ಈ ನಾರು ಹಳೇಬೀಡಿನದು. ಹದಿನೈದು ದಿನದ ಹಿಂದೆ ತವರಿಗೆ ಹೋದಾಗ ಹೂವಿನಕ್ಕ ಎಲೆಯಲ್ಲಿ ಸುತ್ತಿಕೊಟ್ಟ ಮಾಲೆಯದು.

ಅದನ್ನು ಇನ್ನೂ ಕೈಯಲ್ಲಿ ಹಿಡಿದಿದ್ದೆ, ಫೋನು ಬಂತು. ತವರಿನಿಂದ ತಮ್ಮನ ಹೆಂಡತಿ.

"ಅತ್ತಿಗೆ, ಹೂವಿನಕ್ಕ ಹೋಗ್ಬಿಟ್ರು. ನಿನ್ನೆ ಬೆಳಿಗ್ಗೆ ಹೂ ಕಟ್ತಾ ಕೂತಿದ್ದವರು ಹಂಗೇ ಗೋಡೆಗೆ ಒರಗಿದ್ರಂತೆ. ನಿನ್ನೆನೇ ಮಣ್ಣು ಮಾಡಿದ್ರು. ಗಡಿಬಿಡೀಲಿ ನಿಮಗೆ ಹೇಳಕ್ಕೇ ಆಗ್ಲಿಲ್ಲ."

ನರಳಲಿಲ್ಲ. ಹಾಸಿಗೆ ಹಿಡಿದು ಮಗಳಿಗೆ ಭಾರವಾಗಲಿಲ್ಲ. ಹೋಗುವಾಗ ಕೈಯಲ್ಲಿ ದೇವರ ಹೂವಿತ್ತು. ಹೀಗೆ ಎಣಿಸುವುದು ನನ್ನ ಅಭ್ಯಾಸ. ದೇವರು ಕೊಟ್ಟದ್ದನ್ನು ಎಣಿಸಿ ಇಟ್ಟುಕೊಳ್ಳದಿದ್ದರೆ ಕೊಡದೇ ಇದ್ದದ್ದೇ ಕಣ್ಣಿಗೆ ಬೀಳುತ್ತದೆ. ಮೂರು ಎಣಿಸುವಷ್ಟರಲ್ಲಿ ಅವಳು ಮುಂದಿನ ಮಾತು ಆಡಿದಳು.

"ನಾಳೆ ಹಾಲುತುಪ್ಪ. ಮುಂದೆ ಇಡಕ್ಕೆ ಒಂದು ಫೋಟೋ ಇಲ್ಲ ಅತ್ತಿಗೆ. ಅವರ ಮಗಳು ಕೇಳ್ತಾವ್ಳೆ. ಮುಖ ಸರಿಯಾಗಿ ಕಾಣೋದು ಒಂದೂ ಇಲ್ವಂತೆ. ನಿಮ್ಮತ್ರ ಏನಾದ್ರೂ ಐತಾ?"

ನೋಡ್ತೀನಿ ಅಂದೆ. ದೀಪವನ್ನು ಹುಳಿ ಸಮೇತ ಅಲ್ಲೇ ಬಿಟ್ಟು, ಕೈ ತೊಳೆದು ಒಳಗೆ ಹೋದೆ.

ಹೂವಿನಕ್ಕ ನಮ್ಮ ತವರುಮನೆಯ ಎದುರು ಸಾಲಿನವಳು. ಮಾದಿಹಳ್ಳಿ ಕಡೆಯಿಂದ ಬಿಡಿ ಹೂ ತರಿಸಿ, ಕಟ್ಟಿ, ಬೆಳಿಗ್ಗೆ ಆರಕ್ಕೆ ಬೀದಿಯ ಮನೆಮನೆಗೂ ಕೊಡುತ್ತಿದ್ದಳು. ಶುಕ್ರವಾರ ಬುಟ್ಟಿ ಹೊತ್ತು ಬಸ್ಸಿನಲ್ಲಿ ಬೇಲೂರಿಗೆ. ನಮ್ಮ ಮನೆಗೆ ಬಂದಾಗ ಹೂವನ್ನು ದೇವರ ಮನೆಯ ಹೊಸ್ತಿಲ ಮೇಲೆ ಇಟ್ಟು, ತಿರುಗಿ ಹೋಗುವಾಗ ಹಜಾರದ ಕನ್ನಡಿಯ ಮುಂದೆ ಒಂದು ಕ್ಷಣ ನಿಲ್ಲುತ್ತಿದ್ದಳು. ಕುಂಕುಮ ಸರಿ ಮಾಡಿಕೊಳ್ಳುವಳು, ಅಷ್ಟೇ. ಅವಳ ಮನೆಯಲ್ಲಿ ಕನ್ನಡಿ ಇರಲಿಲ್ಲ ಅಂತ ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ.

ಅವಳು ಕಪ್ಪಿದ್ದಳು. ಎಣ್ಣೆಗಪ್ಪು, ಕೃಷ್ಣವರ್ಣ ಅಂತೆಲ್ಲ ಚಂದ ಮಾಡಿ ಹೇಳುವುದು ಬೇಡ, ಯಾರೂ ಅವಳಿಗೆ ಹಾಗೆ ಹೇಳಲಿಲ್ಲ. ಹೆಣ್ಣು ನೋಡಲು ಬಂದಾಗ ಮನೆಯವರು ಬೆಳ್ಳಗಿದ್ದ ತಂಗಿಯನ್ನು ಕೂರಿಸಿ ತೋರಿಸಿದ್ದರಂತೆ. ಧಾರೆಗೆ ಕೂತವಳು ಇವಳು. ಗಂಡ ಇರುವಷ್ಟು ದಿನವೂ ಅದನ್ನು ಆಡಿಕೊಂಡ. ಕರೆಂಟು ಹೋದರೆ, "ಹಲ್ಲು ತೋರ್ಸೇ, ಎಲ್ಲಿದ್ದೀಯ ಗೊತ್ತಾಗ್ಲಿ" ಅನ್ನುತ್ತಿದ್ದನಂತೆ. ಇದನ್ನು ಅವಳೇ ನಗುತ್ತಾ ಹೇಳುತ್ತಿದ್ದಳು. ನಾವೂ ನಗುತ್ತಿದ್ದೆವು. ಒಮ್ಮೆ ಬೇಲೂರಿಂದ ಬಂದವಳು ಹೇಳಿದ್ದಳು, "ಗುಡೀಲಿ ಕನ್ನಡಿ ಹಿಡ್ಕೊಂಡು ನಿಂತವಳಲ್ಲ, ಅವಳೂ ನನ್ನಷ್ಟೇ ಕರಿ ಕಣವ್ವ. ಅವ್ಳಿಗೆ ಯಾರೂ ಪೌಡರ್ ಹಚ್ಕೊ ಅನ್ನಲ್ಲ."

ಆಲ್ಬಮ್ಮು ತೆಗೆದು ಹುಡುಕಿದೆ. ತಮ್ಮನ ಮದುವೆಯದು. ನಮ್ಮ ಮನೆಯ ಹೆಂಗಸರೆಲ್ಲ ಸಾಲಾಗಿ ನಿಂತ ಒಂದು ಫೋಟೋ ಇದೆ. ಬಲಗಡೆ ತುದಿಯಲ್ಲಿ ಒಂದು ಕೈ, ಅರ್ಧ ಹೂವಿನ ಬುಟ್ಟಿ, ಹಸಿರು ಸೀರೆಯ ಒಂದು ಮಡಿಕೆ. ಅಷ್ಟೇ... ಆ ಕೈ ಅವಳದು. ನೆನಪಾಯಿತು. ಫೋಟೋದವನು, "ಲೈಟು ಸರಿ ಹೋಗ್ತಿಲ್ಲ, ಒಬ್ರು ತುಂಬಾ ಡಾರ್ಕ್ ಬರ್ತಾರೆ" ಅಂದಿದ್ದ. ಯಾರು ಅಂತ ಅವನು ಹೇಳಲಿಲ್ಲ. "ಅಕ್ಕ, ಒಂಚೂರು ಆ ಕಡೆ ಸರಿದುಕೊ" ಅಂದವಳು ನಾನು. ಅವಳು ಸರಿದಳು. ಆಮೇಲೆ ಯಾರ ಮನೆಯ ಮದುವೆಯಲ್ಲೂ ಫೋಟೋ ಅಂದರೆ ಅವಳೇ ಎದ್ದು ಹೂವಿನ ನೆಪ ಹೇಳಿ ಒಳಗೆ ಹೋಗುತ್ತಿದ್ದಳು. ಸ್ವಂತ ಮಗಳ ಮದುವೆಯಲ್ಲೂ ಹಾಗೇ ಮಾಡಿದಳು.

ಅಂಥವಳನ್ನು ಒಮ್ಮೆ ಕ್ಯಾಮೆರಾದವರೇ ಹುಡುಕಿಕೊಂಡು ಬಂದಿದ್ದರು.

ನಾಲ್ಕು ವರ್ಷವಾಗಿರಬೇಕು. ನನ್ನ ಮಗಳ ರಜೆಗೆ ನಾನು ತವರಿಗೆ ಹೋಗಿದ್ದೆ. ಯಾವುದೋ ಆಲ್ಬಂ ಸಾಂಗ್ ಮಾಡುವ ತಂಡ ಹಳೇಬೀಡಿಗೆ ಬಂತು. ಗುಡಿಯೊಳಗೆ ಅನುಮತಿ ಸಿಗದೆ ಕೆರೆ ಏರಿಯ ಮೇಲೆ ಶೂಟಿಂಗ್ ಇಟ್ಟುಕೊಂಡಿದ್ದರು. ಹೆಣ್ಣುಮಕ್ಕಳನ್ನು ಚಂದ ಕಾಣು ಚಂದ ಕಾಣು ಅಂತ ಎಲ್ಲರೂ ಹೇಗೆ ಹಿಂಸೆ ಮಾಡುತ್ತಾರೆ ಅನ್ನುವುದೇ ಹಾಡಂತೆ. ಕೊನೆಯಲ್ಲಿ ಆ ಹುಡುಗಿ ಹಳ್ಳಿಗೆ ಬರುತ್ತಾಳೆ, ಹೂ ಕಟ್ಟುವ ಹೆಂಗಸೊಬ್ಬಳು ಅವಳ ಮುಡಿಗೆ ಹೂವಿಟ್ಟು, ನೇರ ಮುಂದೆ ನೋಡಿ ನಗುತ್ತಾಳೆ. ಅದಕ್ಕೆ ನಮ್ಮ ಹೂವಿನಕ್ಕ ಬೇಕಾಗಿದ್ದಳು. ಡೈರೆಕ್ಟರು ನಮ್ಮ ಜಗಲಿಯ ಮೇಲೆ ಕೂತೇ ಅವಳಿಗೆ ಹೇಳಿದ್ದು, "ಅಮ್ಮ, ನಮಗೆ ನಿಮ್ಮ ಮುಖನೇ ಬೇಕು. ಬಣ್ಣಗಿಣ್ಣ ಏನೂ ಹಚ್ಕೋಬೇಡಿ. ಹೀಗೇ ಬನ್ನಿ."

"ಇನ್ನೊಂದ್ಸಲ ಹೇಳಪ್ಪ" ಅಂದಳು ಹೂವಿನಕ್ಕ. ಕೇಳಿಸಲಿಲ್ಲವೇನೋ ಅಂತ ಅವನು ಗಟ್ಟಿಯಾಗಿ ಮತ್ತೊಮ್ಮೆ ಹೇಳಿದ. ಅವಳಿಗೆ ಮೊದಲ ಸಲವೇ ಕೇಳಿಸಿತ್ತು.

ಆ ಸಂಜೆಯೇ ಬಾಣಾವರದಲ್ಲಿದ್ದ ಮಗಳಿಗೆ ಫೋನು ಮಾಡಿಸಿ, "ನನ್ ಮುಖ ಟೀವೀಲಿ ಬತ್ತದಂತೆ ಕಣೇ" ಅಂದಳು. ಆ ಮಗಳೂ ತಾಯಿಯ ಬಣ್ಣದವಳೇ. ಅತ್ತೆ ಮನೆಯಲ್ಲಿ ಅವಳೂ ಕೇಳಬೇಕಾದದ್ದನ್ನೆಲ್ಲ ಕೇಳುತ್ತಿದ್ದಳು. "ನಿಮ್ಮತ್ತೇನೂ ಕರ್ಕೊಂಡು ಬಾ, ನೋಡ್ಲಿ" ಅಂತ ಹೂವಿನಕ್ಕ ಒತ್ತಿ ಹೇಳಿದ್ದು ನನಗೆ ಈಗಲೂ ಕೇಳಿಸುತ್ತದೆ.

ಡೈರೆಕ್ಟರ ಮಾತನ್ನು ಅವಳು ನಂಬಿದಳು. ನಾನು ನಂಬಲಿಲ್ಲ.

ಮಾರನೆಯ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಅದೇ ಹಸಿರು ಸೀರೆ ಉಟ್ಟು ಹೊರಟವಳನ್ನು ಒಳಗೆ ಕರೆದೆ. ಸ್ಟೂಲಿನ ಮೇಲೆ ಕೂರಿಸಿ ಮುಖಕ್ಕೆ ಸ್ನೋ ಹಚ್ಚಿದೆ. ಮೇಲೆ ಪೌಡರು. ಕತ್ತಿಗೂ ಹಚ್ಚಿದೆ.

"ಬೇಡ ಅಂದವ್ರಲ್ಲ ಕಣವ್ವ."

"ಬಾಯಿಮಾತಿಗೆ ಹಾಗಂತಾರೆ ಅಕ್ಕ. ನಾಲ್ಕು ಜನ ನೋಡೋದಲ್ವಾ."

ಕಣ್ಣು ಮುಚ್ಚಿ, ಮಕ್ಕಳು ಕೂರುವ ಹಾಗೆ ಕೂತಿದ್ದಳು. ನನಗೆ ಅವಳ ಮೇಲೆ ಪ್ರೀತಿ ಇತ್ತು, ಸುಳ್ಳಲ್ಲ. ಆ ಪ್ರೀತಿಗೆ ಅವಳ ಬಣ್ಣ ಮುಚ್ಚುವುದು ಬಿಟ್ಟು ಬೇರೆ ಏನೂ ತೋಚಲಿಲ್ಲ.

ಏರಿಯ ಮೇಲೆ ಅವಳನ್ನು ನೋಡಿ ತಂಡದ ಒಬ್ಬ ಹುಡುಗಿ ನಕ್ಕೇಬಿಟ್ಟಳು. "ಯಾರು ಹೀಗೆ ಸುಣ್ಣ ಬಳಿದು ಕಳ್ಸಿದ್ದು?" ಡೈರೆಕ್ಟರ ಮುಖ ಸಿಂಡರಿಸಿತು. ನಾನು ಎರಡು ಹೆಜ್ಜೆ ಹಿಂದೆ ನಿಂತಿದ್ದೆ. ಹೂವಿನಕ್ಕ ನನ್ನ ಕಡೆ ತಿರುಗಲೂ ಇಲ್ಲ. "ನಾನೇ ಹಚ್ಕೊಂಡೆ" ಅಂದಳು. ಕೆರೆಗೆ ಇಳಿದು ತೊಳೆದುಕೊಂಡು ಬಂದಳು. ಸೆರಗಿನಿಂದ ಎಷ್ಟು ಉಜ್ಜಿದರೂ ಕಣ್ಣಿನ ಸುತ್ತ, ಮೂಗಿನ ಪಕ್ಕದ ಗೆರೆಗಳಲ್ಲಿ ಬೂದಿ ಮೆತ್ತಿದ ಹಾಗೆ ಉಳಿದೇ ಇತ್ತು. ಮಧ್ಯಾಹ್ನದವರೆಗೆ ಹೂ ಕಟ್ಟಿಸಿದರು, ಮುಡಿಸಿದರು, ನಗಿಸಿದರು. ಹೊರಡುವಾಗ "ಸೂಪರ್ ಅಮ್ಮ" ಅಂದರು.

ಹಾಡು ಬಂದದ್ದು ಎರಡು ತಿಂಗಳ ಮೇಲೆ. ನೋಡಲೆಂದು ನಾನೂ ಮಗಳೂ ಮತ್ತೆ ತವರಿಗೆ ಹೋಗಿದ್ದೆವು. ಅಲ್ಲಿನ ಹಜಾರದ ಟೀವಿಯಲ್ಲಿ ನನ್ನ ಮಗಳು ಫೋನಿನಿಂದ ಹಾಕಿದಳು. ಬೀದಿಯ ಹೆಂಗಸರು ತುಂಬಿದ್ದರು. ಬಾಣಾವರದಿಂದ ಹೂವಿನಕ್ಕನ ಮಗಳು, ಅವಳ ಅತ್ತೆ ಬಂದಿದ್ದರು. ಹೂವಿನಕ್ಕ ಎಲ್ಲರಿಗಿಂತ ಮುಂದೆ ಚಾಪೆಯ ಮೇಲೆ.

ಹಾಡು ಕೆಟ್ಟದಾಗಿತ್ತು ಅಂತ ಹೇಳಲಾರೆ. ಒಂದು ಹುಡುಗಿ ಕನ್ನಡಿಯ ಮುಂದೆ ಕೂತಿರುತ್ತಾಳೆ. ಹಿಂದಿನಿಂದ ಕೈಗಳು ಬರುತ್ತವೆ, ಮುಖ ಇಲ್ಲದ ಬರೀ ಕೈಗಳು. ಒಂದು ಕೂದಲು ಎಳೆಯುತ್ತದೆ, ಒಂದು ಕೆನ್ನೆ ತಿಕ್ಕುತ್ತದೆ, ಒಂದು ಸೊಂಟಕ್ಕೆ ಟೇಪು ಹಿಡಿದು ಅಳೆಯುತ್ತದೆ. ಹುಡುಗಿ ನಗುತ್ತಲೇ ಇರಬೇಕು, ನಗು ಸ್ವಲ್ಪ ಇಳಿದರೆ ಎರಡು ಬೆರಳು ಬಂದು ತುಟಿಯ ತುದಿಯನ್ನು ಮೇಲಕ್ಕೆ ಎತ್ತುತ್ತವೆ. ನನ್ನ ಕಣ್ಣು ತುಂಬಿತು. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು ಇದೇ ಹಜಾರದ ಆಚೆ ತುದಿಯಿಂದ ಈಚೆ ತುದಿಗೆ ಎರಡು ಸಲ ನಡೆಸಿದ್ದರು, ಕಾಲು ಸರಿ ಇದೆಯಾ ಅಂತ. ಅದು ನೆನಪಾಯಿತು. ಯಾರೋ ನಮ್ಮ ಕಷ್ಟ ಕಂಡು ಹಾಡು ಕಟ್ಟಿದ್ದಾರಲ್ಲ ಅಂದುಕೊಂಡೆ.

ಕೊನೆಗೆ ಕೆರೆ ಬಂತು, ಗುಡಿ ಬಂತು. ಕನಕಾಂಬರ ಕಟ್ಟುವ ಎರಡು ಕೈ ಬಂದವು. ತೋರುಬೆರಳಿನಲ್ಲಿ ನಾರು ಎಳೆದೂ ಎಳೆದೂ ಬಿದ್ದ ಗೀರು ಎಲ್ಲರಿಗೂ ಗುರುತು ಸಿಕ್ಕಿತು. "ಅಗೋ ಅಕ್ಕನ ಕೈ" ಅಂತ ಹಜಾರವೆಲ್ಲ ಒಂದೇ ಬಾಯಿ. ಕೈ ಹೂವನ್ನು ಮುಡಿಗೆ ಏರಿಸಿತು. ಕ್ಯಾಮೆರಾ ಮೇಲೆ ಹೋಯಿತು.

ಮುಖ ಬೇರೆ ಯಾರದೋ.

ಯಾವಳೋ ಒಬ್ಬಳು ಹಸಿರು ಸೀರೆ ಉಟ್ಟು, ತಿದ್ದಿದ ಹುಬ್ಬು, ಸಾಲು ಹಲ್ಲು ತೋರಿಸಿ ನಗುತ್ತಿದ್ದಳು. ಕಪ್ಪಗಿದ್ದಳು, ಆದರೆ ಅದು ಹುಟ್ಟಿದ ಕಪ್ಪಲ್ಲ. "ಅಮ್ಮ, ಕಿವಿ ನೋಡು" ಅಂದಳು ನನ್ನ ಮಗಳು, ಮೆಲ್ಲಗೆ. ಕಿವಿಯ ಹಿಂದೆ ಬಣ್ಣ ಹಚ್ಚಲು ಮರೆತಿದ್ದರು. ಅಲ್ಲಿ ಅವಳು ಬೆಳ್ಳಗಿದ್ದಳು.

ಹಾಡು ಮುಗಿಯಿತು. ಆಮೇಲೆ ಬಾಣಾವರದ ಅತ್ತೆ, "ಒಳ್ಳೆ ಮುಖನೇ ಕೊಟ್ಟವ್ರೆ ಬಿಡಿ ಬೀಗಿತ್ತಿ" ಅಂದಳು. ಒಂದಿಬ್ಬರು ನಕ್ಕರು. ಹೂವಿನಕ್ಕನ ಮಗಳು ತಲೆ ತಗ್ಗಿಸಿದಳು.

ಹೂವಿನಕ್ಕ ನೆಲಕ್ಕೆ ಕೈ ಊರಿ ಎದ್ದಳು. "ಕೈಯಾದ್ರೂ ಮಡಿಕ್ಕೊಂಡ್ರಲ್ಲ" ಅಂದಳು. "ನಾರು ನೆನೆ ಹಾಕಿದ್ದೆ, ಬತ್ತೀನಿ."

ಆ ಹಾಡನ್ನು ತುಂಬಾ ಜನ ಮೆಚ್ಚಿಕೊಂಡರಂತೆ. ಕೆಳಗೆ ಜನ ಬರೆದಿದ್ದನ್ನು ನನ್ನ ಮಗಳು ಓದಿ ಹೇಳಿದ್ದಳು. ಆ ಹೂವಿನ ಹೆಂಗಸಿನ ಮುಖ ಎಷ್ಟು ಸಹಜ, ನಿಜವಾದ ಸೌಂದರ್ಯ ಅಂದರೆ ಇದು, ಅಂತ ಯಾರೋ ಬರೆದಿದ್ದರು.

ಮುಖ ಯಾಕೆ ತೆಗೆದರು... ನಾನು ಹಚ್ಚಿದ ಪೌಡರು ಗೆರೆಗಳಲ್ಲಿ ಉಳಿದು ಕೆಟ್ಟದಾಗಿ ಕಂಡಿತೋ, ಅಥವಾ ಅವಳ ಮುಖ ಅವರಿಗೂ ಕೊನೆಗೆ ಬೇಡವಾಯಿತೋ. ಎರಡನೆಯದೇ ಇರಲಿ ಅಂತ ದೇವರ ಮುಂದೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಎಂಥ ಪ್ರಾರ್ಥನೆ ನೋಡಿ. ಅವಳು ಒಂದು ದಿನವೂ ಆ ಮಾತು ಎತ್ತಲಿಲ್ಲ. ಆದರೆ ಆಮೇಲೆ ಹಜಾರದೊಳಗೆ ಬರುವುದನ್ನು ಬಿಟ್ಟಳು ಅಂತ ತಮ್ಮನ ಹೆಂಡತಿ ಹೇಳಿದಳು. ಹೂವನ್ನು ಕಿಟಕಿಯ ಸರಳಿನೊಳಗೆ ತೂರಿಸಿ, "ಇಟ್ಟಿದ್ದೀನಿ ಕಣವ್ವ" ಅಂತ ಕೂಗಿ ಹೋಗುತ್ತಿದ್ದಳಂತೆ. ಕನ್ನಡಿ ಇದ್ದಲ್ಲೇ ಇತ್ತು.

ಹದಿನೈದು ದಿನದ ಹಿಂದೆ ಹೇಳಿಬಿಡೋಣ ಅಂತಲೇ ಅವಳ ಜಗಲಿಯ ಮೇಲೆ ಕೂತಿದ್ದೆ. ಅಕ್ಕ, ಅವತ್ತು ನಾನು ಹಾಗೆ ಮಾಡಬಾರದಿತ್ತು ಅನ್ನಬೇಕು, ಅಷ್ಟೇ. ಬಸ್ಸಿನ ಹೊತ್ತಾಗಿತ್ತು. ಅವಳು ಮರುಗ ಸೇರಿಸಿ ಕಟ್ಟಿದ ಕನಕಾಂಬರ ಸುತ್ತಿ ಕೊಟ್ಟು, "ದೇವ್ರಿಗಿಟ್ಟು ನೀನೂ ಒಂದ್ತುಂಡು ಮುಡ್ಕೊ, ನಿನ್ ಬಣ್ಣಕ್ಕೆ ಒಪ್ತದೆ" ಅಂದಳು. ನಾನು ತೆಗೆದುಕೊಂಡು ಬಂದೆ.

ಫೋಟೋ ಇಲ್ಲ ಅಂತ ತಮ್ಮನ ಹೆಂಡತಿಗೆ ಹೇಳಿದೆ. ಒಂದು ಕೈ ಮಾತ್ರ ಇದೆ ಅಂತ ಹೇಳಲಿಲ್ಲ. ಮಧ್ಯಾಹ್ನ ಊಟ ಮುಗಿಸಿ ತಟ್ಟೆ ಎತ್ತುವಾಗ ಫೋನಿಗೆ ಒಂದು ಫೋಟೋ ಬಂತು. ಜೊತೆಗೆ ತಮ್ಮನ ಹೆಂಡತಿಯ ದನಿ.

"ಆಧಾರ್ ಕಾರ್ಡಿಂದು ತಗೊಂಡು ಸ್ಟುಡಿಯೋದಲ್ಲಿ ದೊಡ್ಡದು ಮಾಡ್ಸವ್ರೆ ಅತ್ತಿಗೆ. ಮಗಳೇ ಕೂತು ಹೇಳಿ ಬೆಳ್ಳಗೆ ಮಾಡ್ಸಿದ್ಲು. ನಮ್ಮವ್ವ ಇದ್ದಾಗಂತೂ ಆಗ್ಲಿಲ್ಲ, ಹೋದ್ಮೇಲಾದ್ರೂ ಯಾರೂ ಏನೂ ಅನ್ನದಂಗೆ ಇರ್ಲಿ ಅಂದ್ಲು. ಚೆನ್ನಾಗಿ ಬಂದೈತಲ್ವಾ?"

ಗುಲಾಬಿ ಕೆನ್ನೆಯ, ಸುಕ್ಕಿಲ್ಲದ ಒಬ್ಬ ಹೆಂಗಸು. ಕತ್ತಿನಿಂದ ಕೆಳಗೆ ಯಾರದೋ ರೇಷ್ಮೆ ಸೀರೆ, ಯಾರದೋ ಕಾಸಿನ ಸರ. ಕಣ್ಣು ಮಾತ್ರ ಎಲ್ಲೋ ನೋಡಿದ ಹಾಗಿತ್ತು. ಬೆರಳಿಟ್ಟು ದೊಡ್ಡದು ಮಾಡಿದೆ. ಹಣೆ, ಮೂಗು, ಗಲ್ಲ ಎಲ್ಲ ಒಂದೇ ಬಿಳುಪು. ಪಕ್ಕಕ್ಕೆ ಸರಿಸಿದೆ. ಸ್ಟುಡಿಯೋದವನು ಕಿವಿ ಮರೆತಿದ್ದ. ಓಲೆಯ ಹಿಂದೆ ಎರಡೂ ಕಿವಿ ಹಾಗೇ ಇದ್ದವು, ಅವಳ ಬಣ್ಣದಲ್ಲೇ. ಕತ್ತಲೆಯ ಎರಡು ಚೂರು.

ಬಣ್ಣ ತೆಗೆಸು, ಅವಳ ಹಾಗೇ ಇರಲಿ ಅಂತ ಹೇಳಬೇಕು ಅನ್ನಿಸಿತು. ಆ ಮಗಳಿಗೆ ಹೇಳಲು ನಾನು ಯಾರು? ನಾನು ಸ್ಟೂಲಿನ ಮೇಲೆ ಕೂರಿಸಿ ಮಾಡಿದ್ದನ್ನೇ ಅವಳು ಅಂಗಡಿಯಲ್ಲಿ ಮಾಡಿಸಿದ್ದಾಳೆ. "ಚೆನ್ನಾಗಿ ಬಂದಿದೆ, ನಾಳೆ ಬೆಳಗಿನ ಬಸ್ಸಿಗೆ ಬರ್ತೀನಿ" ಅಂತ ಕಳಿಸಿದೆ. ಕಿವಿಯ ವಿಷಯ ಬರೆಯಲಿಲ್ಲ. ಬರೆದರೆ ಅದನ್ನೂ ಬೆಳ್ಳಗೆ ಮಾಡಿಸುತ್ತಾರೆ.

ಬೆಳಿಗ್ಗೆ ಮೂರು ಎಣಿಸಿದ್ದೆ. ಕಿವಿ ಉಳಿದದ್ದೂ ಸೇರಿ ನಾಲ್ಕು.

ಹಿತ್ತಲಿಗೆ ಬಂದರೆ ಹುಳಿ ಒಣಗಿ ದೀಪದ ಮೇಲೆಲ್ಲ ಕಲೆ ಕಚ್ಚಿತ್ತು. ಬಿಡಿಸಿಟ್ಟ ನಾರು ಕಲ್ಲಿನ ಮೇಲೆ ಹಾಗೇ ಬಿದ್ದಿತ್ತು. ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಇನ್ನೊಂದಿಷ್ಟು ಹುಣಸೆಹಣ್ಣು ನೆನೆ ಹಾಕಿ, ದೀಪ ಉಜ್ಜಲು ಕೂತೆ.