ಮಗುವಿನ ಊರಿನ ಒಂಬತ್ತು ಗಂಟೆ

ಮದುವೆಯಾಗಿ ರಾಯದುರ್ಗದಿಂದ ಮಡಕಶಿರಕ್ಕೆ ಬಂದ ಮೇಲೆ ನಾನು ಮನೆಯಲ್ಲೇ ಕೂತು ವೆಬ್‌ಸೈಟ್ ಮಾಡುವುದನ್ನು ಕಲಿತೆ. ಮೊದಲ ಕೆಲಸ ಪಕ್ಕದ ಮನೆಯ ಟೀಚರಮ್ಮನದು. ನಿವೃತ್ತರಾಗಿದ್ದ ಅವರು ಪರದೇಶದ ಮಕ್ಕಳಿಗೆ ವಿಡಿಯೋದಲ್ಲಿ ಕನ್ನಡ ಕಲಿಸುತ್ತಿದ್ದರು. ಪಾಠದ ಹೊತ್ತು ಗೊತ್ತುಮಾಡಿಕೊಳ್ಳಲು ನಾನೊಂದು ಪುಟ ಮಾಡಿಕೊಟ್ಟಿದ್ದೆ.

ಮಾರ್ಚ್ ಕೊನೆಯ ಭಾನುವಾರ ಟೀಚರಮ್ಮ ಊಟ ಮುಗಿಸಿ, ಸೀರೆ ಬದಲಿಸಿ, ಎರಡೂವರೆಗೆ ಲ್ಯಾಪ್‌ಟಾಪ್ ಮುಂದೆ ಕೂತರು. ಲಂಡನ್ನಿನ ಹುಡುಗಿ ಬರಲೇ ಇಲ್ಲ. ಆಮೇಲೆ ಅವಳ ತಾಯಿಯ ಮೆಸೇಜು ಬಂತು: ಮಗಳು ಲಂಡನ್ನಿನ ಬೆಳಿಗ್ಗೆ ಒಂಬತ್ತಕ್ಕೇ ಕೂತು, ಕಾದು, ಅತ್ತು, ಈಜಿನ ಕ್ಲಾಸಿಗೆ ಹೋದಳು. ಬೇಸಿಗೆ ಬರುವಾಗ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ನನ್ನ ಪುಟಕ್ಕೆ ಅದು ಗೊತ್ತಿರಲಿಲ್ಲ. ವರ್ಷವಿಡೀ ಲಂಡನ್ನಿನ ಹೊತ್ತಿಗೆ ಐದೂವರೆ ಗಂಟೆ ಕೂಡಿಸುತ್ತಲೇ ಇತ್ತು; ಬೇಸಿಗೆಗೆ ನಾಲ್ಕೂವರೆ ಸಾಕು.

"ಬೆಂಗಳೂರಾಗೆ ಯಾರಿಗಾನ ಕೊಟ್ಬುಡು, ಸರಿ ಮಾಡ್ತಾರೆ," ಎಂದರು ಯಜಮಾನರು.

"ಯಾಕ ಕೊಡಬೇಕ್ರಿ? ಮಾಡಿದಾಕಿ ನಾನು, ತಿದ್ದಾಕಿನೂ ನಾನಾ."

ಎಲ್ಲ ಪಾಠಗಳನ್ನೂ ಲೋಕಕ್ಕೆಲ್ಲ ಒಂದೇ ಆದ, ಎಂದೂ ಹಿಂದೆ ಮುಂದೆ ಆಗದ ಗಂಟೆಯಲ್ಲಿ ಬರೆದಿಟ್ಟರೆ ಮುಗಿಯಿತು ಅಂದುಕೊಂಡೆ. ಮುಗಿಯಲಿಲ್ಲ. ಹಾಗೆ ಇಟ್ಟರೆ ಮುಂದಿನ ಸಲ ಗಡಿಯಾರ ತಿರುಗಿದಾಗ ಮಗುವಿನ ಪಾಠ ಮತ್ತೆ ಜಾರುತ್ತಿತ್ತು. ಯಾರ ಗಂಟೆ ಇದ್ದಲ್ಲೇ ಇರಬೇಕು, ಯಾರದು ಸರಿಯಬೇಕು ಎಂಬುದನ್ನು ಕಂಪ್ಯೂಟರ್ ಹೇಳುವಂತಿರಲಿಲ್ಲ. ಹೋಗಿ ಕೇಳಿದೆ. ಟೀಚರಮ್ಮ ಕಡಲೆಕಾಯಿ ಸುಲಿಯುತ್ತಿದ್ದರು.

"ಮಗು ಈಜೋಕೆ ಹೋಗೋಕ್ಮುಂಚೆ ಪಾಠ ಆಗ್ಬೇಕಮ್ಮ. ಒಂಬತ್ತು ಅಂದ್ರೆ ಅವಳೂರಿನ ಒಂಬತ್ತು. ನಂದೇನು, ಊಟ ಒಸಿ ಹಿಂದೆ ಮುಂದೆ ಆಗ್ತೈತೆ, ಅಷ್ಟೇ."

ಪ್ರತಿ ಮಗುವಿನ ಊರನ್ನೂ ಆ ಊರಿನ ಗಂಟೆಯನ್ನೂ ಹಾಗೇ ಉಳಿಸಿ, ನಮ್ಮ ಗಂಟೆಯನ್ನು ವಾರವಾರ ಹೊಸದಾಗಿ ಲೆಕ್ಕ ಹಾಕುವಂತೆ ಬರೆದೆ. ಪರೀಕ್ಷೆಗೆಂದು ನನ್ನ ಲ್ಯಾಪ್‌ಟಾಪನ್ನು ಊರೂರಿನ ಸಮಯಕ್ಕೆ ತಿರುಗಿಸುತ್ತಿದ್ದೆ. ಒಂದು ಬೆಳಿಗ್ಗೆ ಅದು ನಮಗಿಂತ ಒಂದೂವರೆ ಗಂಟೆ ಹಿಂದಿರುವ ದುಬೈ ಸಮಯದಲ್ಲೇ ಉಳಿದಿತ್ತು. ಅದನ್ನೇ ನೋಡಿಕೊಂಡು ಯಜಮಾನರು ನಿಧಾನಕ್ಕೆ ತಿಂಡಿ ತಿಂದು ಹಿಂದೂಪುರದ ಬಸ್ಸು ತಪ್ಪಿಸಿಕೊಂಡರು. ವಾಪಸು ಬಂದವರು ನಿಂತುಹೋಗಿದ್ದ ಗೋಡೆ ಗಡಿಯಾರಕ್ಕೆ ಹೊಸ ಸೆಲ್ಲು ಹಾಕಿದರು.

ಬೇಸಿಗೆಯೆಲ್ಲ ಪಾಠ ಒಂದೂವರೆಗೆ ನಡೆಯಿತು. ನಿಜವಾದ ಪರೀಕ್ಷೆ ಬಂದದ್ದು ಅಕ್ಟೋಬರಿನಲ್ಲಿ, ಅಲ್ಲಿಯ ಗಡಿಯಾರ ಮತ್ತೆ ಹಿಂದಕ್ಕೆ ಹೋದಾಗ. ಆ ಭಾನುವಾರ ಪುಟ ತಾನಾಗಿಯೇ ಎರಡೂವರೆ ಎಂದು ತೋರಿಸಿತು. ಮನೆಯಲ್ಲಿ ಕೂರಲಾಗದೆ ಟೀಚರಮ್ಮನ ಹಿಂದೆ ಹೋಗಿ ನಿಂತೆ. ಪರದೆ ಬೆಳಗಿತು. ಹುಡುಗಿ ಈಜುವ ಟೋಪಿಯನ್ನು ಆಗಲೇ ಹಾಕಿಕೊಂಡು ಕೂತಿದ್ದಳು.

"ಎಲ್ಲಿಗೆ ನಿಲ್ಸಿದ್ವಿ ಪುಟ್ಟಾ?" ಎಂದರು ಟೀಚರಮ್ಮ, ಏನೂ ಆಗಿಲ್ಲವೆಂಬಂತೆ.

ಮೆಲ್ಬರ್ನಿನಿಂದ ಒಬ್ಬ ಹುಡುಗ ಸೇರುವವನಿದ್ದ. ಅಲ್ಲಿ ಬೇಸಿಗೆ ಚಳಿಗಾಲವೆಲ್ಲ ತಿರುವುಮುರುವು, ಗಡಿಯಾರ ತಿರುಗಿಸುವುದೂ. ನಾನು ಮನೆಗೆ ಬಂದು ಕೆಲಸಕ್ಕೆ ಕೂತೆ.