ನಲವತ್ತೆಂಟು ಸೀಸೆ, ಒಂದು ಮುಖ

ಬೆಳಗಿನ ಆರು ಗಂಟೆ. ಆಸ್ಪತ್ರೆಯ ಹಿಂಭಾಗದ ಮೂರನೇ ಮಹಡಿಯ ಕೋಣೆಯಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಕಿಟಕಿಗಳನ್ನೆಲ್ಲ ತೆರೆದು, ಮೇಜನ್ನು ಬರೀ ನೀರಿನಲ್ಲಿ ಒರೆಸುತ್ತಿದ್ದಾರೆ. ಇಲ್ಲಿ ಸೋಪು ಮುಟ್ಟುವಂತಿಲ್ಲ. ತಲೆಗೆ ಎಣ್ಣೆ, ಮೈಗೆ ಪೌಡರು, ಈರುಳ್ಳಿ ತಿಂದ ಬಾಯಿ ಯಾವುದೂ ಒಳಗೆ ಬರುವಂತಿಲ್ಲ. ಕಾರಿಡಾರಿನಲ್ಲಿ ಫಿನಾಯಿಲ್ ಬಕೆಟ್ಟಿನ ಸದ್ದಾದರೆ ಸಾಕು, ಬಾಗಿಲಿಗೆ ಓಡುತ್ತಾರೆ. “ಅಲ್ಲೇ ನಿಲ್ಲಿಸ್ಕೋ ತಾಯಿ, ನಿನ್ನ ಕಾಲಿಗೆ ಬೀಳ್ತೀನಿ!” ಹನ್ನೆರಡು ವರ್ಷ ಇದೇ ಆಸ್ಪತ್ರೆಯ ವಾರ್ಡುಗಳಿಗೆ ಅದೇ ಫಿನಾಯಿಲ್ ಹಾಕಿ ಒರೆಸಿದವರು ತಾವೇ ಎಂಬುದು ನೆನಪಾಗಿ ಆಮೇಲೆ ಒಬ್ಬರೇ ನಗುತ್ತಾರೆ.

ಇದು ವೈರಸ್ ಸೋಂಕಿನಿಂದ ವಾಸನೆ, ರುಚಿ ಕಳೆದುಕೊಂಡವರ ಮೇಲೆ ಸಂಶೋಧನೆ ನಡೆಯುವ ಕೋಣೆ. ಮೇಜಿನ ಮೇಲೆ ನಲವತ್ತೆಂಟು ಕಂದು ಸೀಸೆ, ಮೂರು ಮೂರರಂತೆ ಹದಿನಾರು ಸಾಲು. ಪ್ರತಿ ಸಾಲಿನಲ್ಲಿ ಒಂದು ಸೀಸೆಗೆ ಮಾತ್ರ ಲವಂಗದ ವಾಸನೆ. ಮೊದಲ ಸಾಲಿನಲ್ಲಿ ಇದ್ದೂ ಇಲ್ಲದಷ್ಟು, ಕೊನೆಯದರಲ್ಲಿ ಕಣ್ಣಲ್ಲಿ ನೀರು ಬರುವಷ್ಟು. ಯಾವ ಸೀಸೆ ಎಂಬ ಪಟ್ಟಿ ಡಾಕ್ಟರಮ್ಮನ ಬೀಗದ ಕಪಾಟಿನಲ್ಲಿದೆ. ಮುಚ್ಚಳ ತೆಗೆದು ರೋಗಿಯ ಮೂಗಿಗೆ ಹಿಡಿಯುವುದು ಇವರ ಕೆಲಸ, ದಿನಕ್ಕೆ ಆರು ಜನಕ್ಕೆ. ಎಲ್ಲರ ಬಾಯಲ್ಲೂ ಇವರು ಸೀಸೆಯಮ್ಮ.

ಇವರಿಗಿಂತ ಮೊದಲಿದ್ದ ನರ್ಸಿನ ಮೂಗು ಬಹಳ ಚುರುಕು. ಲವಂಗದ ಮುಚ್ಚಳ ತೆಗೆದಾಗಲೆಲ್ಲ ಆಕೆಯ ಹುಬ್ಬು ಏರುತ್ತಿತ್ತು. ರೋಗಿಗಳು ಸೀಸೆ ಮೂಸುವುದು ಬಿಟ್ಟು ಹುಬ್ಬು ಓದತೊಡಗಿದರು. ನಾಲ್ಕು ತಿಂಗಳ ದಾಖಲೆ ನೀರಲ್ಲಿ ಹೋಮ ಮಾಡಿದಂತಾಯಿತು. ರೋಗಿಗಳ ಕಣ್ಣಿಗೆ ಬಟ್ಟೆ ಕಟ್ಟೋಣವೆಂದರೆ ವಯಸ್ಸಾದವರು ಗಾಬರಿಯಾಗುತ್ತಿದ್ದರು. ಆಗ ಡಾಕ್ಟರಮ್ಮನ ಕಣ್ಣು ಬಿದ್ದದ್ದು ರೋಗಿಗಳ ನಡುವೆಯೇ ಕೂತಿದ್ದ ಈ ಹೆಂಗಸಿನ ಮೇಲೆ. ಐದು ವರ್ಷದ ಕೆಳಗೆ ವಾರ್ಡಿನಲ್ಲಿ ಸೋಂಕು ತಗುಲಿ, ಹದಿನಾರು ಸಾಲಿಗೂ ಇಲ್ಲ ಎಂದು ತಲೆಯಾಡಿಸಿದವರು. ಏನೂ ಗೊತ್ತಾಗದ ಮುಖ ಏನನ್ನೂ ಬಿಟ್ಟುಕೊಡುವುದಿಲ್ಲವಲ್ಲ! “ಕಡಲೆ ಇದ್ದೋರಿಗೆ ಹಲ್ಲಿಲ್ಲ ಅಂತಾರಲ್ಲ, ಹಾಗೆ ನಾನು. ಮೇಜಿನ ತುಂಬ ವಾಸನೆ, ಮೂಗೇ ಇಲ್ಲ” ಎನ್ನುತ್ತಿದ್ದರು ಸೀಸೆಯಮ್ಮ.

ಮನೆಯೆಂದರೆ ಒಂದೇ ಕೋಣೆ, ಒಂದೇ ತಟ್ಟೆ. ಹಸಿವೆಗಲ್ಲ, ಗಡಿಯಾರಕ್ಕೆ ಊಟ. ಒಮ್ಮೆ ಹಾಲು ಸೀದು ಹೊಗೆ ತುಂಬಿ ಪಕ್ಕದವರು ಬಾಗಿಲು ಬಡಿದಂದಿನಿಂದ, ಅಡುಗೆ ಮುಗಿಯುವವರೆಗೆ ಒಲೆಯ ಮುಂದಿಂದ ಕದಲುವುದಿಲ್ಲ. ತನ್ನ ಮೈ ನಾರುತ್ತಿದೆಯೋ ಏನೋ ಎಂಬ ಭಯಕ್ಕೆ ದಿನಕ್ಕೆ ಮೂರು ಸ್ನಾನ, ಬಸ್ಸಿನಲ್ಲಿ ಸೀಟಿದ್ದರೂ ನಿಂತೇ ಪ್ರಯಾಣ. ಅಕ್ಕನ ಮನೆಗೆ ಹೋಗುವುದೂ ನಿಂತಿದೆ. “ಅಕ್ಕನ ಮೊಮ್ಮಗು ಹುಟ್ಟಿದಾಗ ಎತ್ಕೊಂಡು ನೆತ್ತಿ ಮೂಸಿದೆ. ಏನೂ ಇಲ್ಲ. ಗೊಂಬೆ ಎತ್ಕೊಂಡ ಹಾಗಾಯ್ತು. ಅವತ್ತು ಅಲ್ಲಿ ಕೂರೋಕಾಗ್ಲಿಲ್ಲ, ಎದ್ದು ಬಂದುಬಿಟ್ಟೆ.”

ಈ ಒಂಟಿತನಕ್ಕೆ ಜೊತೆಯೆಂದರೆ ಇಲ್ಲಿಗೆ ಬರುವವರೇ. “ಕೈಕಾಲು ನೆಟ್ಟಗಿದ್ಯಲ್ಲ, ನಿಂಗೇನಾಗಿದೆ ಅಂತಾರೆ ಆಚೆಯವರು. ಇಲ್ಲಿ ಯಾರೂ ಹಾಗನ್ನಲ್ಲ.” ಎರಡು ವರ್ಷದಿಂದ ತಿಂಗಳಿಗೊಮ್ಮೆ ಬರುವ ನಿವೃತ್ತ ಭೂಗೋಳದ ಮೇಷ್ಟ್ರು ಅವರಲ್ಲೊಬ್ಬರು. ಹೆಂಡತಿ ತೀರಿಕೊಂಡಿದ್ದಾರೆ. “ಏನಾದ್ರೂ ಬಂತಾ?” “ಇಲ್ಲ, ನಿಮ್ಗೆ?” “ಇಲ್ಲ.” ಇಬ್ಬರ ಸ್ನೇಹ ಇಷ್ಟೇ, ಆದರೆ ಅದಕ್ಕಾಗಿ ಇಬ್ಬರೂ ತಿಂಗಳಿಡೀ ಕಾಯುತ್ತಿದ್ದರು.

ಎರಡು ತಿಂಗಳ ಹಿಂದೆ, ಮೇಷ್ಟ್ರ ಸರದಿಯಲ್ಲಿ, ಹನ್ನೊಂದನೇ ಸಾಲಿನ ಎರಡನೇ ಸೀಸೆಯ ಮುಚ್ಚಳ ತೆಗೆದದ್ದೇ ತಡ, ಸುಟ್ಟ ರಬ್ಬರಿನಂಥ ಕೊಳಕು ನಾತ ಸೀಸೆಯಮ್ಮನ ಮೂಗಿಗೆ ಹೊಡೆಯಿತು. ಮುಖ ತಾನಾಗಿಯೇ ಸಿಂಡರಿಸಿತು. “ಎರಡನೇದು! ಬಂತು ಸೀಸೆಯಮ್ಮ, ಬಂತು!” ಎಂದು ಮೇಷ್ಟ್ರು ಎದ್ದು ನಿಂತರು. ಮುಂದಿನ ಐದು ಸಾಲುಗಳಲ್ಲೂ ಅವರದ್ದೇ ಸರಿ. ಮೂಸಿಯೇ ಹೇಳಿದೆನೆಂದು ಪಾಪ ಅವರು ನಂಬಿದ್ದರು. ಮಗಳಿಗೆ ಫೋನ್ ಮಾಡಿ ಅತ್ತರು.

ಕಳೆದುಹೋದ ವಾಸನೆ ಮರಳುವಾಗ ಹೀಗೆ ಕೆಟ್ಟ ನಾತವಾಗಿ ಬರುವುದುಂಟು ಎಂಬುದು ಸೀಸೆಯಮ್ಮನಿಗೆ ಗೊತ್ತಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಈ ಕೆಲಸಕ್ಕೂ ಕುತ್ತಿರಲಿಲ್ಲ, ಮೇಷ್ಟ್ರ ನಗುವೂ ಉಳಿಯುತ್ತಿತ್ತು. ಆದರೂ ಅಂದೇ ಮಧ್ಯಾಹ್ನ ಡಾಕ್ಟರಮ್ಮನ ಮುಂದೆ ನಿಂತು ಹೇಳಿಬಿಟ್ಟರು. “ಅವರು ಸೀಸೆ ಮೂಸ್ಲಿಲ್ಲ ಡಾಕ್ಟ್ರೇ, ನನ್ನ ಮುಖ ನೋಡಿದ್ರು. ಆ ಅಂಕೆ ಬರ್ಕೋಬೇಡಿ. ಅದನ್ನ ನಂಬ್ಕೊಂಡು ನಾಳೆ ಯಾರಿಗೋ ಔಷಧಿ ಕೊಡ್ತೀರಿ.”

ಈಗ ಮೇಜಿನ ನಡುವೆ ಒಂದು ಹಲಗೆ ನಿಂತಿದೆ. ಅದರ ಕಿಂಡಿಯಲ್ಲಿ ರೋಗಿಗಳಿಗೆ ಕಾಣುವುದು ಸೀಸೆಯಮ್ಮನ ಕೈಗಳಷ್ಟೇ. ಮೇಷ್ಟ್ರಿಗೆ ಮರುವಾರವೇ ಮತ್ತೆ ಪರೀಕ್ಷೆಯಾಯಿತು. ಹದಿನಾರರಲ್ಲಿ ಸರಿಯಾದದ್ದು ಐದು. ಕಣ್ಣು ಮುಚ್ಚಿ ಬೆರಳಿಟ್ಟರೂ ಅಷ್ಟು ಬರುತ್ತದೆ. ಅವರು ಸಿಟ್ಟಾಗಲಿಲ್ಲ. ಕಿಂಡಿಯ ಬಳಿ ಬಗ್ಗಿ, “ನಿಮ್ಗೆ ಬಂತಂತೆ?” ಎಂದರು.

“ಹ್ಞೂಂ ಮೇಷ್ಟ್ರೇ. ನಾರ್ತಿದೆ.”

“ಬಿಡಿ, ನಿಮ್ಗಾದ್ರೂ ಬಂತಲ್ಲ” ಎಂದು ಕಿಂಡಿಯಲ್ಲಿದ್ದ ಸೀಸೆಯಮ್ಮನ ಕೈ ತಟ್ಟಿ ಹೊರಟರು. ಕಳೆದ ತಿಂಗಳು ಅವರು ಬರಲಿಲ್ಲ. ಸೀಸೆಯಮ್ಮ ಒಂದು ಗಂಟೆ ಸೀಸೆಗಳನ್ನು ಎತ್ತಿಡದೆ ಕಾದರು. ಈ ತಿಂಗಳ ಸರದಿ ಇವತ್ತು, ಹತ್ತು ಗಂಟೆಗೆ.

ನಿಮಗೇನಾದರೂ ಆಸೆಯಿದೆಯೇ ಎಂದು ಕೇಳಿದರೆ ಸಾಲಿನ ಕೊನೆಯ ಸೀಸೆಯನ್ನು ನೆಟ್ಟಗೆ ಮಾಡುತ್ತಾ ಹೇಳುತ್ತಾರೆ: “ಅವರು ಬರ್ಲಿ. ಬಂದು ಹಲಗೆ ಆಚೆ ಕೂತು ಒಂದ್ಸಲ ಮುಖ ಸಿಂಡರಿಸ್ಲಿ. ನನ್ನ ನೋಡಿ ಅಲ್ಲ, ಅವರಾಗೇ.”