ಕಲ್ಲಲ್ಲ, ತೊರಕೆ

ನಮ್ಮಪ್ಪ ದರ್ಜಿ. ಕಣ್ಣು ಮುಚ್ಚಿ ಬಟ್ಟೆ ಸವರಿ, ಅದು ಎಷ್ಟು ಒಗೆತ ಕಂಡಿದೆ ಎಂದು ಹೇಳಿಬಿಡುತ್ತಿದ್ದ ಮನುಷ್ಯ. ಭಾನುವಾರ ಮಾತ್ರ ಅಂಗಡಿಗೆ ಬೀಗ ಜಡಿದು, ಬಂದರಿನ ಕಲ್ಲುಗೋಡೆಯ ತುದಿಯಲ್ಲಿ ಕೂತು ತೊರಕೆಗೆ ಗಾಳ ಹಾಕುತ್ತಿದ್ದ.

ತೊರಕೆ ಚಪ್ಪಟೆ ಮೀನು. ನೀರಿನ ತಳದ ಮರಳಿನಲ್ಲಿ ಮೈ ಹರಡಿ ಮಲಗಿರುತ್ತದೆ. ಗಾಳದ ಎರೆ ಕಂಡರೂ ಹಾರಿ ಬೀಳುವುದಿಲ್ಲ. ಮೆಲ್ಲಗೆ ಬಂದು ಅದರ ಮೇಲೆ ಕವುಚಿ ಮಲಗಿ, ಆಮೇಲೆ ಬಾಯಿ ಹಾಕುತ್ತದೆ. ಅವಸರಪಟ್ಟು ಎಳೆದವನಿಗೆ ಬರಿ ಗಾಳ. ಕಚ್ಚಿದ ಮೇಲೂ ತಳಕ್ಕೆ ಅಂಟಿಕೊಂಡರೆ ಅಲ್ಲಾಡುವುದಿಲ್ಲ. ಎಷ್ಟೋ ಜನ ಗಾಳ ಕಲ್ಲಿಗೆ ಸಿಕ್ಕಿತೆಂದು ದಾರ ಕತ್ತರಿಸಿ, ಸಿಕ್ಕ ಮೀನನ್ನು ಸಮುದ್ರಕ್ಕೇ ದಾನ ಮಾಡಿ ಮನೆಗೆ ಹೋಗುತ್ತಾರೆ. ಅಪ್ಪ ಹಾಗೆ ಕತ್ತರಿಸಿದ್ದನ್ನು ನಾನು ಕಂಡಿಲ್ಲ.

ಸಕ್ಕರೆ ಕಾಯಿಲೆ ಬಂದು ಅಪ್ಪನ ಬೆರಳ ತುದಿಗಳು ಜಡವಾದವು. ಮೊದಲು ಸೂಜಿ ಬಿಟ್ಟ. ಗಾಳವನ್ನೂ ಬಿಡಿ, ಚುಚ್ಚಿದರೂ ಗೊತ್ತಾಗುವುದಿಲ್ಲ ಎಂದರು ಡಾಕ್ಟರು. ಅಪ್ಪ ಕಿವಿಗೇ ಹಾಕಿಕೊಳ್ಳಲಿಲ್ಲ. ಮದುವೆಯಾಗಿ ಎರಡು ಮಕ್ಕಳಾದ ನನ್ನನ್ನು ಅಮ್ಮ ಪತ್ತೇದಾರಿಕೆಗೆ ಅಟ್ಟಿದಳು.

"ಒಂದು ಗಾಯ ಆಗಿ ನಿಮ್ಮಪ್ಪಂಗೆ ಗೊತ್ತಾಗ್ಲಿಲ್ಲ ಅಂದ್ರೆ ಬಂದು ಹೇಳು. ಆ ಗಾಳದ ಕೋಲು ಅವತ್ತೇ ಅಟ್ಟಕ್ಕೆ."

ಆ ಭಾನುವಾರ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗಿದೆ ಎಂದು ತಿಳಿಯುತ್ತಿರಲಿಲ್ಲ. ದಾರ ಆ ಬಿಳುಪಿನೊಳಗೆ ಇಳಿದು ಮಾಯವಾಗಿತ್ತು. ಎಲ್ಲೋ ಒಂದು ದೋಣಿಯ ಸದ್ದು, ನಿದ್ದೆಯಲ್ಲಿ ಮಾತಾಡಿದವರ ಹಾಗೆ, ಶುರುವಾಗಿ ಅರ್ಧಕ್ಕೇ ನಿಂತಿತು. ನನಗೂ ತೂಕಡಿಕೆ. ಆಗಲೇ ದಾರ ಬಿಗಿಯಿತು. ಅಪ್ಪ ಎಳೆದ, ಜಗ್ಗಲಿಲ್ಲ.

"ಕಲ್ಲು ಅಪ್ಪ. ಕತ್ತರಿಸ್ಲಾ?"

"ಸುಮ್ನಿರು."

ದಾರವನ್ನು ಬೆರಳಲ್ಲಿ ಹಿಡಿದ, ಬಿಟ್ಟ. ಆಮೇಲೆ ಅದನ್ನು ಕೆಳತುಟಿಗೆ ಒತ್ತಿಕೊಂಡು ಕಣ್ಣು ಮುಚ್ಚಿದ. ತಳದಲ್ಲಿ ಮಲಗಿದ್ದ ಜೀವದ ಪಕ್ಕದಲ್ಲೇ ತಾನೂ ಹೋಗಿ ಮಲಗಿದಂತೆ ಅವನ ಮುಖ ಸಡಿಲವಾಯಿತು. ಎಷ್ಟು ಹೊತ್ತು ಹಾಗಿದ್ದನೋ, ನಾನು ಎಣಿಸಲಿಲ್ಲ.

"ಉಸಿರಾಡ್ತಿದೆ" ಎಂದ.

ದಾರ ಸಡಿಲ ಬಿಟ್ಟ. ಪಾರಾದೆನೆಂದು ನಂಬಿ ಮೀನು ತಳ ಬಿಟ್ಟೆದ್ದಿತು, ಅಷ್ಟು ಸಾಕಾಯಿತು. ಸ್ವಲ್ಪ ಹೊತ್ತಿಗೆ ಮೊರದಷ್ಟು ಅಗಲದ, ಮರಳು ಬಣ್ಣದ ತೊರಕೆ ಕಲ್ಲುಗೋಡೆಯ ಮೆಟ್ಟಿಲ ಮೇಲಿತ್ತು. ನನಗೆ ಹಿಡಿಸಲಾರದಷ್ಟು ಖುಷಿ. ಇನ್ನು ಡಾಕ್ಟರೂ ಬೇಡ, ಅಮ್ಮನೂ ಬೇಡ ಅನ್ನಿಸಿತು.

ಅಪ್ಪ ಅದರ ಬೆನ್ನು ಸವರಿದ. "ಮುಳ್ಳಿಲ್ಲದ ಜಾತಿ ಇದು. ಎಷ್ಟು ನುಣುಪು ನೋಡು."

ಬೆನ್ನುದ್ದಕ್ಕೂ ಮುಳ್ಳಿನ ಸಾಲಿತ್ತು. ಅಪ್ಪನ ಬೆರಳ ತುದಿಗಳಲ್ಲಿ ರಕ್ತ ಜಿನುಗುತ್ತಿತ್ತು. ಅವನ ಕೈ ಎಳೆದುಕೊಂಡು ಕರವಸ್ತ್ರದಿಂದ ಒರೆಸಿದೆ.

"ಏನದು?"

"ಕೆಸರು."

ಸತ್ತಿದ್ದು ಬೆರಳು, ಕಣ್ಣಲ್ಲ. ಅಪ್ಪ ಕರವಸ್ತ್ರ ನೋಡಿದ, ಮೀನಿನ ಬೆನ್ನು ನೋಡಿದ. ನನ್ನ ಕೈಯಲ್ಲೇ ಮೀನಿನ ಬಾಯಿಯ ಗಾಳ ಬಿಡಿಸಿ, ತೊರಕೆಯನ್ನು ನೀರಿಗೆ ಬಿಡಿಸಿದ. ಕೋಲನ್ನು ಬಟ್ಟೆಯಲ್ಲಿ ಸುತ್ತಿ ನನಗೆ ಕೊಟ್ಟ.

"ಅಮ್ಮಂಗೆ ನಾನೇ ಹೇಳ್ತೀನಿ. ನಿಂಗೆ ಸುಳ್ಳು ಹೇಳೋಕೆ ಬರಲ್ಲ."